ಹಿಟ್ಟು ಇಳಿಸಿ ರೊಟ್ಟಿ ಹತ್ತಿಸುವ ತಾಮೂ

ಬೆಳಗಿನ ಆರು ಗಂಟೆ. ಐನ್ ತೂತ್ ಊರಿನ ತುತ್ತತುದಿಯಲ್ಲಿ, ಇನ್ನೂರ ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಾಮೂ ನಿಂತಿದ್ದಾರೆ. ಕೆಳಗೆ ಟ್ಯಾಂಜಿಯರ್ ನಗರದ ದೀಪಗಳು ಒಂದೊಂದಾಗಿ ಆರುತ್ತಿವೆ. ಬಂದರಿನ ಕ್ರೇನುಗಳು ಮಂಜಿನಿಂದ ಕತ್ತು ಹೊರಹಾಕಿವೆ. ಆ ಕಡೆ ಅವರ ಗಮನವಿಲ್ಲ. ಅವರು ನೋಡುತ್ತಿರುವುದು ಎದುರಿನ ನೀಲಿ ಬಾಗಿಲನ್ನು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಒಂದೂವರೆ ಗಜದ ಖಾಲಿ ಹಲಗೆ, ಬೆನ್ನಿಗೆ ಬುಟ್ಟಿ, ಸೊಂಟಕ್ಕೆ ಕೆಂಪು ಬಿಳಿ ಪಟ್ಟೆಯ ದಪ್ಪ ಬಟ್ಟೆ. ಎಲ್ಲವೂ ಹಳೆಯವೇ. ಹೊಸದೆಂದರೆ ಮೂಗಿನ ಮೇಲೆ ಕೂತಿರುವ ಕಪ್ಪು ಕನ್ನಡಕ ಮಾತ್ರ.

ಇಪ್ಪತ್ತು ದಿನಗಳ ನಂತರ ಇವತ್ತು ಮತ್ತೆ ಕೆಲಸ. ಮೂವತ್ತೊಂದು ವರ್ಷಗಳಲ್ಲಿ ಇಷ್ಟು ದಿನ ಹಲಗೆ ಕೆಳಗಿಟ್ಟದ್ದು ಇದೇ ಮೊದಲು. ಬಾಗಿಲು ತಟ್ಟಿದರೆ ತೆರೆಯುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಬಾಗಿಲ ಹಿಂದೆ ತಮ್ಮ ಪಾಲಿನ ಹಿಟ್ಟು ಇದೆಯೋ ಇಲ್ಲವೋ ಎನ್ನುವುದೇ ಅವರನ್ನು ಕೊರೆಯುತ್ತಿರುವ ಪ್ರಶ್ನೆ. "ಕಣ್ಣಿಗೆ ಕತ್ತರಿ ಹಾಕಿದ ದಿನ ನಾನು ಹೆದರಲಿಲ್ಲ. ಇವತ್ತು ನೋಡಿ, ಒಂದು ಬಾಗಿಲು ತಟ್ಟೋಕೆ ಹೆದರ್ತಿದ್ದೀನಿ" ಎನ್ನುತ್ತಾರೆ.

ನೀಲಿ ಬಾಗಿಲು ತೆರೆಯುತ್ತದೆ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಗೃಹಿಣಿಯೊಬ್ಬಳು ನಾಲ್ಕು ದುಂಡು ರೊಟ್ಟಿ ಕೂತಿರುವ ಮಣೆ ಹಿಡಿದು ನಿಂತಿದ್ದಾಳೆ.

"ಬಂದ್ಯಾ ಖಾಲ್ತಿ? ಬೇಗ ಹಿಡಿ. ಇಪ್ಪತ್ತು ದಿನ ಹೊತ್ತೂ ಹೊತ್ತೂ ನನ್ನ ಕತ್ತು ಕೊಕ್ಕರೆ ಕತ್ತಾಗಿದೆ."

"ಒಳ್ಳೇದಾಯ್ತು ಬಿಡು. ಕತ್ತು ಉದ್ದ ಆದ್ರೆ ನಿನ್ನ ಗಂಡ ಸರ ಮಾಡಿಸಿ ಹಾಕ್ತಾನೆ."

"ಅವನಾ? ಅವನು ಮಾಡಿಸೋದು ಗಂಟೆ, ದನಕ್ಕೆ ಕಟ್ಟೋದು."

ನಗುತ್ತಲೇ ನಾಲ್ಕು ಹಿಟ್ಟಿನ ರೊಟ್ಟಿಗಳು ತಾಮೂ ಅವರ ಹಲಗೆ ಏರುತ್ತವೆ. ಒಂದು ಮನೆ ಆಯಿತು, ಇನ್ನು ನಲವತ್ತೊಂದು ಉಳಿದಿವೆ.

ಐನ್ ತೂತ್ ಅತ್ತ ಹಳ್ಳಿಯೂ ಅಲ್ಲ, ಇತ್ತ ನಗರವೂ ಅಲ್ಲ. ಗುಡ್ಡದ ಮೈಗೆ ಅಂಟಿಕೊಂಡ ಸುಣ್ಣ ಬಳಿದ ಮನೆಗಳು, ನಡುವೆ ಒಂದೇ ಉದ್ದನೆಯ ಮೆಟ್ಟಿಲ ಸಾಲು. ಬೆಳಗಾದರೆ ಊರಿನ ಅರ್ಧ ಜನ ಬಿಳಿ ಟ್ಯಾಕ್ಸಿಗಳಲ್ಲಿ ಆರಾರು ಜನ ಒತ್ತಿ ಕೂತು ಬಂದರಿಗೆ, ಕಾರ್ಖಾನೆಗಳಿಗೆ ಇಳಿದುಹೋಗುತ್ತಾರೆ. ಅದೇ ಹೊತ್ತಿಗೆ ನಗರ ವರ್ಷಕ್ಕೊಂದು ಅಪಾರ್ಟ್‌ಮೆಂಟಿನಂತೆ ಗುಡ್ಡ ಹತ್ತುತ್ತಿದೆ. ಮನೆಮನೆಗೆ ನಲ್ಲಿ ಬಂದಿದೆ, ಇಂಟರ್ನೆಟ್ ಬಂದಿದೆ, ಗ್ಯಾಸ್ ಒಲೆಯೂ ಇದೆ. ಅದು ಚಹಾ ಕಾಯಿಸಲಿಕ್ಕೆ. ರೊಟ್ಟಿ ಮಾತ್ರ ಇವತ್ತಿಗೂ ಮೆಟ್ಟಿಲ ಬುಡದಲ್ಲಿ, ಊರಿಗೆ ಹೆಸರು ಕೊಟ್ಟ ಹಿಪ್ಪುನೇರಳೆ ಮರ ಮತ್ತು ಚಿಲುಮೆಯ ಪಕ್ಕದಲ್ಲಿರುವ ಬೂಸಲ್ಹಾಮನ ಸೌದೆ ಒಲೆಯಲ್ಲೇ ಬೇಯಬೇಕು. ಹೆಂಗಸರು ಬೆಳಗಿನ ನಮಾಜು ಮುಗಿಸಿ ಹಿಟ್ಟು ನಾದುತ್ತಾರೆ, ಬೆರಳು ದಪ್ಪಕ್ಕೆ ತಟ್ಟಿ ಬಟ್ಟೆ ಮುಚ್ಚಿಡುತ್ತಾರೆ. ಅದನ್ನು ಕೆಳಗೆ ಒಯ್ದು, ಬೆಂದ ರೊಟ್ಟಿಯನ್ನು ಮೇಲೆ ತಂದು ಕೊಡುವವರು ತಾಮೂ. ಇಳಿಯುವಾಗ ಹಿಟ್ಟು ನೆತ್ತಿಯ ಮೇಲೆ, ಹತ್ತುವಾಗ ರೊಟ್ಟಿ ಬೆನ್ನಿನ ಮೇಲೆ. ಊರಿಗೆಲ್ಲ ಅವರೊಬ್ಬರೇ ಚಿಕ್ಕಮ್ಮ, ಖಾಲ್ತಿ ತಾಮೂ.

ದಿನಕ್ಕೆ ಸುಮಾರು ನೂರೆಪ್ಪತ್ತು ರೊಟ್ಟಿ. ಒಂದು ಸಲಕ್ಕೆ ಹನ್ನೆರಡು. ಅಂದರೆ ಹದಿನಾಲ್ಕು ಸಲ ಇಳಿದು ಹದಿನಾಲ್ಕು ಸಲ ಹತ್ತಬೇಕು. ರಂಜಾನಿನ ಕೊನೆಯ ವಾರ ಬಂತೆಂದರೆ ಇದರ ಮೇಲೆ ಹಬ್ಬದ ಬಿಸ್ಕತ್ತಿನ ತಟ್ಟೆಗಳು ಬೇರೆ. ಒಂದು ಹಲಗೆಯಲ್ಲಿ ಮೂರು ಮನೆಯ ಹಿಟ್ಟು ಇರುತ್ತದೆ, ಒಲೆಯೊಳಗೆ ಹತ್ತು ಮನೆಯದು ಬೆರೆತುಹೋಗುತ್ತದೆ. ಯಾವುದು ಯಾರದು ಎಂದು ತಿಳಿಯಲು ಪ್ರತಿ ಮನೆಗೂ ಒಂದು ಗುರುತಿದೆ. ಒಬ್ಬಳು ಹಸಿ ಹಿಟ್ಟಿನ ಮೇಲೆ ಬೀಗದ ಕೈ ಒತ್ತುತ್ತಾಳೆ, ಒಬ್ಬಳು ಖರ್ಜೂರದ ಬೀಜ, ಇನ್ನೊಬ್ಬಳು ಹಡಗಿನಲ್ಲಿ ದುಡಿಯುವ ಗಂಡನ ಕೋಟಿನ ಗುಂಡಿ. ಗುರುತು ಮನೆಯ ಯಜಮಾನಿಯದು. ಅತ್ತೆ ಬದುಕಿರುವತನಕ ಸೊಸೆ ಅದನ್ನು ಬದಲಾಯಿಸುವಂತಿಲ್ಲ. ಅತ್ತೆ ತೀರಿಕೊಂಡರೆ ನಲವತ್ತು ದಿನ ಅವಳ ಗುರುತೇ ಒಲೆಗೆ ಹೋಗಬೇಕು. ತಾಮೂ ಅವರಿಗೆ ಓದು ಬರಹ ಬಾರದು, ಆದರೆ ಈ ಲಿಪಿಯಲ್ಲಿ ಅವರಷ್ಟು ಪಂಡಿತರು ಇನ್ನೊಬ್ಬರಿಲ್ಲ.

ಈಗ ಅವರಿಗೆ ಐವತ್ತೆಂಟು. ಇಪ್ಪತ್ತೇಳಕ್ಕೆ ಗಂಡನನ್ನು ಕಳೆದುಕೊಂಡರು. ಕಲ್ಲು ಒಡೆಯುವ ಕಡೆ ಗುಡ್ಡ ಜರುಗಿತು, ಅಷ್ಟೇ ಹೇಳುತ್ತಾರೆ. ಮಡಿಲಲ್ಲಿ ಇಬ್ಬರು ಹೆಣ್ಣುಮಕ್ಕಳು. ಆಗ ಹಲಗೆ ಹೊರುವುದು ಗಂಡಸರ ಕೆಲಸ. ಹೊರುತ್ತಿದ್ದ ಮುದುಕ ಜ್ವರ ಬಂದು ಮಲಗಿದಾಗ, ಬೂಸಲ್ಹಾಮನ ಅಪ್ಪ ಬೇರೆ ದಾರಿ ಕಾಣದೆ ಈ ಹೆಂಗಸನ್ನು ಕರೆದ. "ಒಂದು ವಾರದ ಮಟ್ಟಿಗೆ ಬಾ ತಾಯಿ ಅಂದ್ರು. ಆ ವಾರ ಇನ್ನೂ ಮುಗಿದಿಲ್ಲ" ಎಂದು ತಾಮೂ ನಗುತ್ತಾರೆ. ತಿಂಗಳಿಗೆ ಮನೆಗಿಷ್ಟು ದಿರ್ಹಮ್, ಶುಕ್ರವಾರಕ್ಕೊಂದು ರೊಟ್ಟಿ, ಹಬ್ಬಕ್ಕೆ ಬಟ್ಟೆ. ಅಷ್ಟರಲ್ಲೇ ಇಬ್ಬರು ಮಕ್ಕಳೂ ದಡ ಸೇರಿದರು. ಮೊದಮೊದಲು ಚಹಾದಂಗಡಿಯ ಗಂಡಸರು ಹಲಗೆ ಬೀಳುವುದನ್ನೇ ಕಾಯುತ್ತಿದ್ದರಂತೆ. "ಕಾದೂ ಕಾದೂ ಅವರ ಹಲ್ಲೇ ಬಿದ್ದುಹೋಯ್ತು, ಹಲಗೆ ಬೀಳಲಿಲ್ಲ."

ಹಲಗೆ ಬೀಳಲಿಲ್ಲ, ನಿಜ. ಕೈಕೊಟ್ಟದ್ದು ಕಣ್ಣು. ನಾಲ್ಕು ವರ್ಷದ ಹಿಂದೆ ಪೊರೆ ಬರಲು ಶುರುವಾಯಿತು. ಮೊದಲು ಸಮುದ್ರದಾಚೆಯ ಸ್ಪೇನಿನ ಗುಡ್ಡಗಳು ಮಾಯವಾದವು. ಅವುಗಳಿಂದ ನನಗೇನಾಗಬೇಕು ಎಂದು ತಾಮೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಬಂದರು ಮಾಯವಾಯಿತು, ಆಮೇಲೆ ಎದುರಿಗೆ ಬರುವವರ ಮುಖ. ಯಾರಿಗೂ ಹೇಳದೆ ಅವರು ಬೆರಳನ್ನು ಪಳಗಿಸಿಕೊಂಡರು. ಬೆಂದ ರೊಟ್ಟಿಯ ಮೇಲೆ ಹೆಬ್ಬೆರಳು ಸವರಿ ಮನೆ ಹೇಳುತ್ತಿದ್ದರು. ಮೆಟ್ಟಿಲಂತೂ ಕಾಲಿಗೆ ಬಾಯಿಪಾಠ. ಹೀಗೆ ಮೂರು ವರ್ಷ ಊರಿನ ಕಣ್ಣಿಗೆ ಮಣ್ಣೆರಚಿದರು.

ಗುಟ್ಟು ರಟ್ಟಾದದ್ದು ಕಳೆದ ಆಗಸ್ಟಿನಲ್ಲಿ. ಮೆಟ್ಟಿಲ ಸಾಲಿನ ಮಧ್ಯದಲ್ಲಿ ಮನ್ನಾನಾ ಎಂಬಾಕೆಯ ಮನೆಯಿದೆ. ಆಕೆಯ ಗಂಡ ಅಯ್ಯಾಶಿ, ಊರಿನವರ ಬಾಯಲ್ಲಿ ಗೌರವದ ‘ಸಿ’ ಸೇರಿ ಸಿ ಅಯ್ಯಾಶಿ, ಬಂದರಿನ ಸುಂಕದ ಕಚೇರಿಯ ನಿವೃತ್ತ ಗುಮಾಸ್ತ. ಅವರಿಗೆ ರಕ್ತದೊತ್ತಡ. ಹಾಗಾಗಿ ಆರು ವರ್ಷದಿಂದ ಆ ಮನೆಯ ರೊಟ್ಟಿಗೆ ಉಪ್ಪಿಲ್ಲ. ಗುರುತು, ಮುಳ್ಳುಚಮಚದಿಂದ ಮೂರು ಸಾಲು. ಎದುರು ಮನೆ ಫತ್ತೂಮಳದು. ಅವಳದೂ ಮುಳ್ಳುಚಮಚವೇ, ಆದರೆ ನಾಲ್ಕು ಸಾಲು. ಆ ದಿನ ಫತ್ತೂಮಳ ಮಗಳು ಝುಲೈಖಾಳನ್ನು ನೋಡಲು ನಗರದಿಂದ ಗಂಡಿನ ಕಡೆಯವರು ಬರುವುದಿತ್ತು. ಫತ್ತೂಮ ನಾಲ್ಕು ದಿನದಿಂದ ಮನೆ ತೊಳೆದು, ಕೋಳಿ ಬೇಯಿಸಿ, ಒಳ್ಳೆಯ ರವೆ ಹಾಕಿ ಹಿಟ್ಟು ನಾದಿದ್ದಳು. ಅವಸರದಲ್ಲಿ ತಾಮೂ ಮೂರು ಸಾಲನ್ನು ನಾಲ್ಕೆಂದು ಎಣಿಸಿದರು.

ಉಪ್ಪಿನ ಋಣ ಇಲ್ಲಿ ಬರೀ ಬಾಯಿಮಾತಲ್ಲ. ಸಂಬಂಧ ಬೆಳೆಸಲು ಬಂದವರಿಗೆ ಸಪ್ಪೆ ರೊಟ್ಟಿ ಬಡಿಸಿದರೆ, ನಿಮ್ಮ ಋಣ ನಮಗೆ ಬೇಡ ಎಂದು ಮುಖಕ್ಕೆ ಹೊಡೆದು ಹೇಳಿದಂತೆ. ಗಂಡಿನ ಸೋದರಮಾವ ಮೊದಲ ತುತ್ತಿಗೇ ಕೈ ತಡೆದ. ಚಿಕ್ಕಪ್ಪ ಅವನ ಮುಖ ನೋಡಿದ. ಫತ್ತೂಮ ಒಂದು ಚೂರು ಬಾಯಿಗಿಟ್ಟು ನೋಡಿ ಅಡುಗೆಮನೆಯಲ್ಲಿ ಕುಸಿದಳು. ಅಷ್ಟರಲ್ಲಿ ಗಂಡಿನ ತಾಯಿ ಎರಡನೇ ರೊಟ್ಟಿಗೆ ಕೈ ಹಾಕಿದ್ದಾಳೆ. "ನನಗೆ ಬಿ.ಪಿ. ಇದೆ ಅಂತ ಈ ಮನೆಯವರಿಗೆ ಯಾರು ಹೇಳಿದ್ರು? ನನ್ನ ಸ್ವಂತ ಸೊಸೆಯಂದಿರಿಗೇ ಇಷ್ಟು ಕಾಳಜಿ ಇಲ್ಲ" ಎಂದು ಅಲ್ಲೇ ಒಪ್ಪಿಗೆ ಕೊಟ್ಟುಬಿಟ್ಟಳು. ಎದುರು ಮನೆಯಲ್ಲಿ ಸಿ ಅಯ್ಯಾಶಿ, ಆರು ವರ್ಷದ ಮೇಲೆ ಸಿಕ್ಕ ಉಪ್ಪಿನ ರೊಟ್ಟಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ಅದ್ದಿ, ಹೆಂಡತಿಗೆ ಸುಳಿವೇ ಕೊಡದೆ ಒಂದೂವರೆ ಮುಗಿಸಿದ್ದರು. "ದೇವರು ಕೊಟ್ಟದ್ದನ್ನ ಪ್ರಶ್ನೆ ಮಾಡಬಾರದು ಅಂತ ಸುಮ್ಮನೆ ತಿಂದೆ" ಎಂದು ಈಗಲೂ ಸಮರ್ಥಿಸಿಕೊಳ್ಳುತ್ತಾರೆ.

ಮದುವೆಯೇನೋ ಕುದುರಿತು. ಆದರೆ ಮೂವತ್ತು ವರ್ಷ ಒಂದು ರೊಟ್ಟಿ ತಪ್ಪದವಳು ತಪ್ಪಿದ್ದೇಕೆ ಎನ್ನುವುದು ಊರಿಗೆ ಗೊತ್ತಾಗಿಹೋಯಿತು. ಮುಂದಿನ ಕತೆ ಹೇಳುವವನು ಬೂಸಲ್ಹಾಮ. ಒಲೆಯ ಬಾಯಿಯ ಮುಂದೆ ಸೊಂಟದವರೆಗಿನ ಗುಂಡಿಯಲ್ಲಿ ನಿಂತು, ಉದ್ದ ಹಿಡಿಯ ಮರದ ಸಲಿಕೆಯಲ್ಲಿ ರೊಟ್ಟಿ ಎಳೆಯುತ್ತಲೇ ದನಿ ತಗ್ಗಿಸುತ್ತಾನೆ.

"ಬರೆಯೋದಾದ್ರೆ ಬರೀರಿ. ಹೇಗೂ ಅವಳು ಪತ್ರಿಕೆ ಓದೋದಿಲ್ಲ. ಆ ವಾರ ಹಮ್ಮಾಮಲ್ಲಿ ಸ್ನಾನಕ್ಕೆ ಸೇರಿದಾಗ ಹೆಂಗಸರೆಲ್ಲ ಮಾತಾಡ್ಕೊಂಡ್ರು. ಕಣ್ಣು ಮಂದ ಆಗಿದೆ ಅಂತ ನಾವು ಬಾಯಿ ಬಿಟ್ಟರೆ ಅವಳು ಹಲಗೆ ಗೋಡೆಗೆ ಒರಗಿಸಿ ಮನೆ ಸೇರ್ತಾಳೆ. ಅದರ ಬದಲು ನಾವೇ ಗುರುತನ್ನ ಜೋರಾಗಿ ಒತ್ತೋಣ, ಬೆರಳಿಗೆ ಸಿಗೋ ಹಾಗೆ ಅಂತ. ಹೇಳಿಕೊಟ್ಟದ್ದು ಮನ್ನಾನಾ. ಮಾರನೇ ದಿನ ನೋಡ್ತೀನಿ, ಊರಿನ ರೊಟ್ಟಿಗೆಲ್ಲ ಸಿಡುಬು ಬಂದಿದೆ. ಅಷ್ಟು ಆಳ ಚುಚ್ಚಿದ್ರೆ ಉಸಿರು ಹೊರಟುಹೋಗುತ್ತೆ, ರೊಟ್ಟಿ ಉಬ್ಬೋದಿಲ್ಲ. ಬೈಗುಳ ಯಾರಿಗೆ? ನನಗೆ. ಒಲೆ ಕೆಟ್ಟಿದೆ ಅಂತ ಗಂಡಸರೆಲ್ಲ ಬಂದು ಬೈದು ಹೋದ್ರು. ನುಂಗ್ಕೊಂಡೆ."

ಹತ್ತು ತಿಂಗಳು ಐನ್ ತೂತ್ ಚಪ್ಪಟೆ ರೊಟ್ಟಿ ತಿಂದಿತು. ನಲವತ್ತೆರಡು ಮನೆಗಳಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದು ಎನ್ನುವವರು ಈ ಊರಿಗೊಮ್ಮೆ ಬಂದು ಹೋಗಬೇಕು. ತಾಮೂ ಮಾತ್ರ ಆ ದಿನಗಳಲ್ಲಿ ಮೆಟ್ಟಿಲ ಮೇಲೆ ಜಂಬದಿಂದ ನಡೆಯುತ್ತಿದ್ದರಂತೆ. "ಕಣ್ಣು ಯಾತಕ್ಕೆ? ನನ್ನ ಬೆರಳು ದಿನದಿಂದ ದಿನಕ್ಕೆ ಚುರುಕಾಗ್ತಿದೆ" ಎನ್ನುತ್ತಿದ್ದರಂತೆ. ಕೇಳಿದವರು ಹೌದು ಖಾಲ್ತಿ, ಹೌದು ಎಂದು ತಲೆಯಾಡಿಸುತ್ತಿದ್ದರು.

ಕಣ್ಣಿನ ಆಸ್ಪತ್ರೆಗೆ ದಿನ ಗೊತ್ತು ಮಾಡಿದ್ದು ಝುಲೈಖಾ. ನಿನ್ನಿಂದಲೇ ನನ್ನ ಮದುವೆ ಆಯ್ತು, ನಿನ್ನ ಕಣ್ಣು ನನ್ನ ಹೊಣೆ ಎಂದು ಹಟ ಹಿಡಿದಳು. ತಾಮೂ ಆರು ತಿಂಗಳು ನೆಪ ಹೇಳಿದರು. ಚಳಿ ಕಳೆಯಲಿ, ಉಪವಾಸ ಮುಗಿಯಲಿ, ಹಬ್ಬ ಆಗಲಿ. ಅಸಲು ಕಾರಣ ಬೇರೆ. ಆಪರೇಶನ್ ಆದರೆ ಇಪ್ಪತ್ತು ದಿನ ತಲೆಯ ಮೇಲೆ ಭಾರ ಇಡುವಂತಿಲ್ಲ. "ಇಪ್ಪತ್ತು ದಿನ ನಾನಿಲ್ಲದೆ ರೊಟ್ಟಿ ಮನೆ ಸೇರಿತು ಅಂದ್ಕೊಳ್ಳಿ. ಇಪ್ಪತ್ತೊಂದನೇ ದಿನ ನಾನ್ಯಾಕೆ ಬೇಕು? ಕಣ್ಣು ಬರುತ್ತೆ, ಸರಿ. ಮನೇಲಿ ಕೂತು ಆ ಕಣ್ಣಲ್ಲಿ ಗೋಡೆ ನೋಡ್ಲಾ?" ಈ ಕೆಲಸ ಹೋದರೆ ಬೇರೆ ಕೆಲಸವಿಲ್ಲ. ಅದಕ್ಕಿಂತ ಹೆಚ್ಚಾಗಿ, ದಿನಕ್ಕೆ ನಲವತ್ತೆರಡು ಬಾಗಿಲಲ್ಲಿ ಹರಟೆ ಹೊಡೆದು ಬದುಕಿದ ಜೀವಕ್ಕೆ ಒಂಟಿ ಕೋಣೆ ಸಾವಿಗೆ ಸಮಾನ. ಕೊನೆಗೆ ಮೆಟ್ಟಿಲ ಮೇಲೆ ಬೆಕ್ಕೊಂದನ್ನು ಬಟ್ಟೆ ಎಂದುಕೊಂಡು ಎತ್ತಲು ಹೋಗಿ ಪರಚಿಸಿಕೊಂಡ ದಿನ ಒಪ್ಪಿದರು. ಬಲಗಣ್ಣಿನ ಪೊರೆ ತೆಗೆದರು.

ಆ ಇಪ್ಪತ್ತು ದಿನ ಊರಿನಲ್ಲಿ ನಡೆದದ್ದನ್ನು ಹೇಳುವಾಗ ಬೂಸಲ್ಹಾಮನಿಗೆ ನಗು ತಡೆಯದು. ಹೆಂಗಸರು ಹಿಟ್ಟು ತಂದು ಕೊಟ್ಟು ಮನೆಗೆ ಹೋಗುತ್ತಿದ್ದರು. ಬೆಂದದ್ದನ್ನು ಒಯ್ಯಲು ಗಂಡಂದಿರು ಬರುತ್ತಿದ್ದರು. ಒಬ್ಬ ಗಂಡಸಿಗೂ ತನ್ನ ಮನೆಯ ಗುರುತು ಗೊತ್ತಿಲ್ಲ. ಮೂವತ್ತು ವರ್ಷ ತಿಂದ ರೊಟ್ಟಿಯ ಮುಖವನ್ನೇ ಅವರು ನೋಡಿರಲಿಲ್ಲ. ಚೆನ್ನಾಗಿ ಕೆಂಪಗೆ ಕಂಡದ್ದು ನಮ್ಮದೇ ಎಂದು ಎತ್ತಿಕೊಂಡು ನಡೆದರು. ಒಂದೇ ದಿನ ಹತ್ತೊಂಬತ್ತು ರೊಟ್ಟಿ ಅದಲುಬದಲು. ಸಂಜೆ ಮೆಟ್ಟಿಲ ತುಂಬ ಹೆಂಗಸರ ಸಂತೆ. ನನ್ನ ರೊಟ್ಟಿ ಬಿಟ್ಟು ಅವಳ ರೊಟ್ಟಿ ರುಚಿ ಅಂತೀಯಾ ಎಂದು ಒಬ್ಬಳು ಗಂಡನಿಗೆ ಎರಡು ದಿನ ಬರೀ ಸೂಪು ಹಾಕಿದಳಂತೆ. ಸಿ ಅಯ್ಯಾಶಿಯಂತೂ ದಿನಾ ತಪ್ಪದೆ ತಾವೇ ಒಲೆಮನೆಗೆ ಬಂದು, ದಿನಾ ತಪ್ಪದೆ ಫತ್ತೂಮಳ ರೊಟ್ಟಿಯನ್ನೇ ತಪ್ಪಾಗಿ ಒಯ್ಯುತ್ತಿದ್ದರು. ಐದನೆಯ ದಿನ ಮನ್ನಾನಾ ಹಿಂದೆಯೇ ಬಂದು ಹಿಡಿದಳು.

ಇಷ್ಟೆಲ್ಲ ತಮಾಷೆಯ ನಡುವೆಯೂ ತಾಮೂ ಅವರ ಅಂಜಿಕೆ ಪೂರ್ತಿ ಸುಳ್ಳಾಗಲಿಲ್ಲ. ಇವತ್ತು ಬೆಳಿಗ್ಗೆ ಮೆಟ್ಟಿಲಿಳಿಯುತ್ತ ಹಸಿರು ಬಾಗಿಲೊಂದನ್ನು ತಟ್ಟಿದಾಗ ಮನೆಯಾಕೆ ಬರಿಗೈಯಲ್ಲಿ ಬಂದಳು. ಮಗ ವಿದ್ಯುತ್ ಒಲೆ ತಂದುಕೊಟ್ಟಿದ್ದಾನೆ, ತಪ್ಪು ತಿಳೀಬೇಡ ಖಾಲ್ತಿ ಎಂದು ಕಣ್ಣು ತಪ್ಪಿಸಿದಳು. ತಾಮೂ ಒಳಗಿನಿಂದ ಬರುತ್ತಿದ್ದ ವಾಸನೆಯನ್ನೊಮ್ಮೆ ಮೂಸಿದರು.

"ತಳ ಬೆಂದಿಲ್ಲ ಕಣವ್ವ. ಇನ್ನೊಂದು ಐದು ನಿಮಿಷ ಬಿಡು" ಎಂದು ಹೇಳಿ ಮುಂದೆ ನಡೆದರು. ಆದರೂ ನಾಲ್ಕು ಮೆಟ್ಟಿಲು ಇಳಿದ ಮೇಲೆ ಒಂದು ಗಳಿಗೆ ನಿಂತು, ಸಿಂಬಿ ಸರಿ ಮಾಡಿಕೊಳ್ಳುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿದರು.

ಅಂಥ ಬಾಗಿಲುಗಳು ಒಟ್ಟು ನಾಲ್ಕು. ಎರಡು ಮನೆಗೆ ಹೊಸ ಒಲೆ ಬಂದಿದೆ, ಒಂದು ಮನೆಯವರು ನಗರದ ಅಪಾರ್ಟ್‌ಮೆಂಟಿಗೆ ಹೋಗಿದ್ದಾರೆ, ಇನ್ನೊಂದು ಮನೆಯ ಮಗಳು ಇನ್ನು ತಾನೇ ಹೊರುತ್ತೇನೆ ಅಂದಿದ್ದಾಳೆ. ಉಳಿದ ಮೂವತ್ತೆಂಟು ಬಾಗಿಲುಗಳಲ್ಲಿ ಹಿಟ್ಟು ಕಾಯುತ್ತಿತ್ತು. ಕೆಲವರು ಬಾಗಿಲು ತಟ್ಟುವ ಮೊದಲೇ ಮಣೆ ಹಿಡಿದು ಮೆಟ್ಟಿಲಿಗೆ ಬಂದಿದ್ದರು. ಒಲೆಮನೆಯ ಹೊಸ್ತಿಲ ಮೇಲೆ ಕೂತು ಒಂದು ಲೋಟ ಪುದೀನ ಚಹಾ ಕುಡಿಯುತ್ತ ತಾಮೂ ಬೆರಳು ಮಡಚಿ ಎಣಿಸುತ್ತಾರೆ. "ನಾಲ್ಕು ಹೋಯ್ತು. ಹದಿನೈದು ಹೋಗುತ್ತೆ ಅಂದ್ಕೊಂಡಿದ್ದೆ. ಮೂವತ್ತೆಂಟು ಮನೆ ನನಗೆ ಸಾಕು, ಮಂಡಿಗೂ ಸಾಕು." ಅಂಜಿಕೆ ಕಳೆದಿದೆ ಎಂಬುದು ಅವರು ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಬೂಸಲ್ಹಾಮನ ಜತೆ ಜಗಳ ತೆಗೆದದ್ದರಿಂದಲೇ ಗೊತ್ತಾಗುತ್ತದೆ.

"ಇಪ್ಪತ್ತು ದಿನ ಊರು ಎಷ್ಟು ತಣ್ಣಗಿತ್ತು ಗೊತ್ತಾ?" ಎನ್ನುತ್ತಾನೆ ಅವನು.

"ಗೊತ್ತು, ಗೊತ್ತು. ದಿನಾ ಸಂಜೆ ನಿಮ್ಮ ಕೂಗಾಟ ನನ್ನ ಕೋಣೆಗೇ ಕೇಳ್ತಿತ್ತು."

ಹನ್ನೊಂದೂವರೆಯ ಹೊತ್ತಿಗೆ ಕೊನೆಯ ಸಲ ಹತ್ತುತ್ತಿದ್ದಾರೆ. ಬೆನ್ನ ಬುಟ್ಟಿಯಿಂದ ಬಿಸಿ ರೊಟ್ಟಿಯ ಘಮ. ಹಾದಿಯಲ್ಲಿ ಕಂಡವರ ಮುಖಗಳನ್ನೆಲ್ಲ ನಿಂತು ನೋಡುತ್ತಾರೆ. ನಿನಗೆ ಯಾವಾಗ ಇಷ್ಟು ನರೆ ಬಂತು ಎಂದು ಒಬ್ಬಳನ್ನು ಕೇಳಿ ಬೈಸಿಕೊಳ್ಳುತ್ತಾರೆ. ಸಿ ಅಯ್ಯಾಶಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಆಸೆಗಣ್ಣಿನಿಂದ ಬುಟ್ಟಿ ನೋಡುತ್ತಿದ್ದಾರೆ.

"ತಾಮೂ, ಆ ಹೊಸ ಕಣ್ಣು ಇನ್ನೂ ಕಚ್ಚಾ ಇರಬೇಕಲ್ಲವಾ? ಒಂದೆರಡು ದಿನ ಹೆಚ್ಚು ಕಮ್ಮಿ ಆದ್ರೆ ನಾವೇನೂ ಅಂದ್ಕೊಳ್ಳಲ್ಲ."

"ನಿಮ್ಮ ರೊಟ್ಟಿ ನೂರರಲ್ಲಿದ್ರೂ ಕಾಣುತ್ತೆ ಸಿ ಅಯ್ಯಾಶಿ. ನಾಲಿಗೆ ಒಳಗಿಟ್ಕೊಳ್ಳಿ."

ಮನ್ನಾನಾ ಬಾಗಿಲಿಗೆ ಬರುತ್ತಾಳೆ. ತಾಮೂ ಮೂರು ರೊಟ್ಟಿಗಳನ್ನು ಅವಳ ಮಣೆಯ ಮೇಲಿಡುತ್ತಾರೆ. ನಾಲ್ಕನೆಯದು ಕೈಯಲ್ಲೇ ಉಳಿಯುತ್ತದೆ. ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿ ಅದನ್ನು ಬೆಳಕಿಗೆ ಹಿಡಿಯುತ್ತಾರೆ. ಮುಳ್ಳುಚಮಚದ ಮೂರು ಸಾಲು ರೊಟ್ಟಿಯ ತಳ ಮುಟ್ಟುವಷ್ಟು ಆಳವಾಗಿವೆ.

"ಮನ್ನಾನಾ, ನಾಳೆಯಿಂದ ಮೆತ್ತಗೆ ಒತ್ತು."

"ಏನನ್ನ?"

"ಏನನ್ನ ಅಂತ ನಿನಗೂ ಗೊತ್ತು. ಹತ್ತು ತಿಂಗಳಿಂದ ಈ ಊರಲ್ಲಿ ಒಂದು ರೊಟ್ಟಿ ನೆಟ್ಟಗೆ ಉಬ್ಬಿಲ್ಲ."

ಮನ್ನಾನಾ ಮಣೆಯ ಮೇಲಿದ್ದ ಮೂರು ರೊಟ್ಟಿಗಳನ್ನು ಗುರುತು ಕೆಳಗಾಗುವಂತೆ ಮಗುಚಿಡುತ್ತಾಳೆ.

"ಮೊದಲನೇ ವಾರವೇ ಗೊತ್ತಾಯ್ತು. ಒಂದು ಮನೆಯಾದ್ರೆ ಕೈ ಜೋರು ಅನ್ನಬಹುದು, ಊರಿಗೆ ಊರೇ ಆಗುತ್ತಾ? ಕೆಲಸ ಬೇಕಿತ್ತು, ಸುಮ್ಮನಿದ್ದೆ." ತಾಮೂ ನಾಲ್ಕನೆಯ ರೊಟ್ಟಿಯನ್ನೂ ಮಣೆಯ ಮೇಲಿಟ್ಟು, ಕನ್ನಡಕವನ್ನು ಮತ್ತೆ ಕಣ್ಣಿಗೆ ಎಳೆದುಕೊಳ್ಳುತ್ತಾರೆ. "ಈಗ ಕಾಣುತ್ತೆ ಕಣೇ. ಗುರುವಾರ ಹಮ್ಮಾಮಲ್ಲಿ ಎಲ್ಲರಿಗೂ ನೀನೇ ಹೇಳಿಬಿಡು. ನಾನು ಹೇಳೋಕೆ ಹೋದ್ರೆ ಅತ್ತುಬಿಡ್ತೀನಿ, ಡಾಕ್ಟರು ಇನ್ನೊಂದು ತಿಂಗಳು ಅಳಬೇಡ ಅಂದಿದ್ದಾರೆ."